ಕುಂಡದ ಕಾಮಕಸ್ತೂರಿ

ಗೃಹಪ್ರವೇಶ, ಸೀಮಂತ ಎಂದರೆ ಈಗ ನಾನು ಸ್ಟೀಲ್ ಡಬ್ಬಿ ಕೊಡುವುದಿಲ್ಲ. ಎರಡು ತಿಂಗಳು ಮೊದಲೇ ಅಡುಗೆಮನೆಯ ಕಿಟಕಿಯಲ್ಲಿ ಬೀಜ ಹಾಕಿ ಬೆಳೆಸಿದ ಒಂದು ಪುಟ್ಟ ಕಾಮಕಸ್ತೂರಿ ಕುಂಡವನ್ನು ಒಯ್ಯುತ್ತೇನೆ. "ಟೀಚರಮ್ಮ ಖರ್ಚು ಉಳಿಸಿದರು" ಎಂದು ಹಿಂದಿನಿಂದ ಆಡಿಕೊಳ್ಳುವವರೂ ಇದ್ದಾರೆ. ಆಡಿಕೊಳ್ಳಲಿ. ಈ ಉಡುಗೊರೆಯ ಹಿಂದಿನ ಚರಿತ್ರೆ ಸ್ಟೀಲ್ ಡಬ್ಬಿಗಿಂತ ಬಹಳ ಹಳೆಯದು.

ನಮಗೆ ಕಾಮಕಸ್ತೂರಿ ಎಂದರೆ ಮಲ್ಲಿಗೆಯ ಜೊತೆ ಕಟ್ಟಿ ಮುಡಿಯುವ ಸೊಪ್ಪು. ಬೇಸಿಗೆಯಲ್ಲಿ ಬೀಜ ನೆನೆಸಿ ಕುಡಿಯುವ ತಂಪು. ತುಳಸಿಯ ದಾಯಾದಿ. ಏಷ್ಯಾದ ಬಿಸಿನಾಡಿನ ಈ ಗಿಡ ಯೂರೋಪಿಗೆ ಹೋಗಿ ಅಡುಗೆಗೆ ಸೇರಿತು. ಗ್ರೀಕರು 'ರಾಜನದು' ಎಂಬ ಅರ್ಥದ ಹೆಸರಿಟ್ಟರು. ಇಂಗ್ಲಿಷಿನ ಬೇಸಿಲ್ ಎಂಬ ಮಾತು ಅದರಿಂದಲೇ ಬಂದದ್ದು. ಹೆಸರಿಗೆ ರಾಜ, ಜೀವ ಮಾತ್ರ ನಾಜೂಕು. ಹಿಮ ಬಿದ್ದರೆ ಒಂದೇ ರಾತ್ರಿಗೆ ಕಪ್ಪಾಗಿ ಸಾಯುತ್ತದೆ. ಅದಕ್ಕೇ ಕುಂಡದಲ್ಲಿಟ್ಟು ಕಿಟಕಿಯ ಬಳಿ ಸಾಕುವುದು.

ಪೋರ್ಚುಗಲ್ಲಿನ ಲಿಸ್ಬನ್ನಿನಲ್ಲಿ ಜೂನ್ 12ರ ರಾತ್ರಿ ಸಂತ ಅಂತೋಣಿಯ ಹಬ್ಬ. ಅವರು ಹುಟ್ಟಿದ ಊರು ಅದು. ತೀರಿಕೊಂಡದ್ದು ಇಟಲಿಯಲ್ಲಿ, 1231ರ ಜೂನ್ 13ರಂದು. ಮದುವೆ ಕೂಡಿಸುವ ಸಂತರೆಂದು ಜನರ ನಂಬಿಕೆ. ಈ ಹಬ್ಬದಲ್ಲಿ ಹುಡುಗ ತಾನು ಮೆಚ್ಚಿದ ಹುಡುಗಿಗೆ ಒಂದು ಕುಂಡ ಕಾಮಕಸ್ತೂರಿ ಕೊಡುವುದು ಹಳೆಯ ಪದ್ಧತಿ. ಅಲ್ಲಿನದು ಸಣ್ಣೆಲೆಯ ಜಾತಿ, ಚೆಂಡಿನ ಹಾಗೆ ಗುಂಡಗೆ ಬೆಳೆಯುತ್ತದೆ. ಅದಕ್ಕೊಂದು ಕಾಗದದ ಹೂ ಸಿಕ್ಕಿಸಿ, ನಾಲ್ಕು ಸಾಲಿನ ಪದ್ಯ ಬರೆದ ಪುಟ್ಟ ಬಾವುಟ ನೆಡುತ್ತಾರೆ. ಮೂಗು ತಾಗಿಸಿ ಮೂಸಿದರೆ ಗಿಡ ಬಾಡುತ್ತದಂತೆ; ಅಂಗೈಯಿಂದ ಸವರಿ ಅಂಗೈಯನ್ನು ಮೂಸಬೇಕು. ಇದನ್ನು ಓದಿದಾಗ ನನಗೆ ದೇವರ ಹೂ ಮೂಸಿದ್ದಕ್ಕೆ ಬೈಯುತ್ತಿದ್ದ ಅಜ್ಜಿಯ ನೆನಪಾಯಿತು.

ಕೊಟ್ಟ ಕುಂಡದ ಕತೆ ಇದು. ಕಿತ್ತುಕೊಂಡ ಕುಂಡದ ಕತೆಯೂ ಒಂದಿದೆ. 1348ರಲ್ಲಿ ಇಟಲಿಯ ಫ್ಲಾರೆನ್ಸಿಗೆ ಪ್ಲೇಗು ಬಂತು. ಆ ಮಾರಿಯಿಂದ ತಪ್ಪಿಸಿಕೊಂಡ ಹತ್ತು ಮಂದಿ ಹೇಳಿದ ನೂರು ಕತೆಗಳೆಂದು ಬೊಕಾಚಿಯೊ ಬರೆದ ಪುಸ್ತಕ 'ಡೆಕಾಮೆರಾನ್'. ಅದರಲ್ಲಿ ಮೆಸ್ಸಿನಾ ಪಟ್ಟಣದ ಲಿಸಬೆಟ್ಟಾ ಎಂಬ ಹುಡುಗಿ ಬರುತ್ತಾಳೆ. ಮೂವರು ಅಣ್ಣಂದಿರು, ಮೂವರೂ ಸಿರಿವಂತ ವ್ಯಾಪಾರಿಗಳು. ತಂಗಿ ತಮ್ಮ ಅಂಗಡಿಯ ಕೆಲಸದವನಿಗೆ ಮನಸ್ಸು ಕೊಟ್ಟದ್ದು ತಿಳಿದು, ಅವನನ್ನು ಊರ ಹೊರಗೆ ಕರೆದೊಯ್ದು ಕೊಂದು ಹೂತುಬಿಡುತ್ತಾರೆ. ಅವನು ಅವಳ ಕನಸಿನಲ್ಲಿ ಬಂದು ಜಾಗ ತೋರಿಸುತ್ತಾನೆ. ಅವಳು ಅವನ ತಲೆಯನ್ನು ತಂದು, ಬಟ್ಟೆಯಲ್ಲಿ ಸುತ್ತಿ ಕುಂಡದಲ್ಲಿಟ್ಟು, ಮೇಲೆ ಮಣ್ಣು ಹಾಕಿ ಕಾಮಕಸ್ತೂರಿ ನೆಡುತ್ತಾಳೆ. ಕಣ್ಣೀರು, ಪನ್ನೀರು ಎರೆದು ಬೆಳೆಸುತ್ತಾಳೆ. ಗಿಡ ಸೊಂಪಾಗುತ್ತದೆ, ಅವಳು ಸೊರಗುತ್ತಾಳೆ. ಅಣ್ಣಂದಿರು ಕುಂಡವನ್ನೂ ಎತ್ತಿಕೊಂಡು ಹೋಗುತ್ತಾರೆ. "ನನ್ನ ಕುಂಡ ಕೊಡಿ" ಎಂದು ಅಳುತ್ತಲೇ ಅವಳು ಸಾಯುತ್ತಾಳೆ.

ಕೀಟ್ಸ್ ಇದೇ ಕತೆಯನ್ನು ಕವಿತೆ ಮಾಡಿ 1820ರಲ್ಲಿ ಪ್ರಕಟಿಸಿದ. ಮೂವರು ಅಣ್ಣಂದಿರನ್ನು ಇಬ್ಬರು ಮಾಡಿದ. ಬಿ.ಎ. ಓದುವಾಗ ಅದನ್ನು ಓದಿ, ಎಷ್ಟು ಉತ್ಪ್ರೇಕ್ಷೆ ಎಂದುಕೊಂಡಿದ್ದೆ. ಆಗ ನನಗೆ ಹತ್ತೊಂಬತ್ತು ವರ್ಷ.

1996ರಲ್ಲಿ ತಾಲ್ಲೂಕು ಕೇಂದ್ರವೊಂದರಲ್ಲಿ ಪಾಠ ಮಾಡುತ್ತಿದ್ದೆ. ಹತ್ತನೇ ತರಗತಿಯ ಒಬ್ಬ ಹುಡುಗಿ, ಗಣಿತದಲ್ಲಿ ಜಾಣೆ. ಅವಳ ಪುಸ್ತಕದಲ್ಲಿ ಒಂದು ಚೀಟಿ ಅವಳ ಅಣ್ಣನ ಕೈಗೆ ಸಿಕ್ಕಿತು. ಪರೀಕ್ಷೆಗೆ ಎರಡು ತಿಂಗಳಿರುವಾಗ ಶಾಲೆ ಬಿಡಿಸಿದರು. ಒಂದು ಸಂಜೆ ನಮ್ಮ ಮನೆ ಬಾಗಿಲಿಗೆ ಬಂದಳು, ಕೈಯಲ್ಲಿ ಡಾಲ್ಡಾ ಡಬ್ಬಿ, ಅದರಲ್ಲೊಂದು ಕಾಮಕಸ್ತೂರಿ ಗಿಡ. "ಇಟ್ಕೊಳ್ಳಿ ಮಿಸ್, ಇನ್ನು ಮೇಲೆ ಇದಕ್ಕೆ ನೀರು ಹಾಕೋರು ಇರಲ್ಲ" ಎಂದಳು. ಊರಾಚೆ ಮದುವೆ ಗೊತ್ತಾಗಿತ್ತು. ಅವರ ಮನೆಗೆ ಹೋಗಿ ಒಂದು ಮಾತಾಡಬಹುದಿತ್ತು ನಾನು. "ದೊಡ್ಡವರು ಹೇಳಿದ ಹಾಗೆ ಕೇಳಮ್ಮ" ಎಂದು ಕಾಫಿ ಕೊಟ್ಟು ಕಳಿಸಿದೆ. ಮತ್ತೆ ಅವಳನ್ನು ನೋಡಲಿಲ್ಲ.

ನಮ್ಮ ಕಿಟಕಿಯಲ್ಲಿರುವುದು ಆ ಡಬ್ಬಿಯ ಗಿಡದ ಸಂತಾನ. ಕುಂಡದಲ್ಲಿ ಅದು ವರ್ಷ, ಹೆಚ್ಚೆಂದರೆ ಇನ್ನೂ ಸ್ವಲ್ಪ ಕಾಲ ಬಾಳುವ ಗಿಡ. ಆದ್ದರಿಂದ ಪ್ರತಿ ವರ್ಷ ಬೀಜ ತೆಗೆದಿಟ್ಟು ಮತ್ತೆ ಹಾಕಬೇಕು. ಕುಂಡ ಕೊಡುವಾಗ ಹೇಳುತ್ತೇನೆ: ಬೆಳಗಿನ ಬಿಸಿಲು ಬೀಳಲಿ, ಕೆಳಗೆ ತೂತಿರಲಿ, ನೀರು ನಿಂತರೆ ಬೇರು ಕೊಳೆಯುತ್ತದೆ. ತೆನೆ ಬರುವ ಕುಡಿಗಳನ್ನು ಚಿವುಟುತ್ತಿದ್ದರೆ ಎಲೆ ಜಾಸ್ತಿ. ಒಂದು ಕೊಂಬೆಯನ್ನು ಮಾತ್ರ ಬೀಜಕ್ಕೆ ಬಿಡಿ.