ಹೊಯ್ಸಳ ನಾಡಿನ ವಿದ್ಯಾದಾನವೂ ಇಂದಿನ ಗಣಕ ಕಂಪೆನಿಗಳೂ

ಅರಸೀಕೆರೆ, ಬೇಲೂರು, ಹಳೇಬೀಡುಗಳು ಶಿಲ್ಪಕ್ಕೆ ಪ್ರಸಿದ್ಧವಾಗಿರುವಂತೆಯೇ ಶಾಸನಗಳಿಗೂ ಪ್ರಸಿದ್ಧವಾದ ಸ್ಥಳಗಳು. ಬೇಲೂರಿನ ಚೆನ್ನಕೇಶವ ದೇವಾಲಯವು 1117ರಲ್ಲಿ ಪ್ರತಿಷ್ಠಿತವಾಯಿತು. ಕನ್ನಡದ ಅತಿ ಪ್ರಾಚೀನ ಶಾಸನಗಳಲ್ಲೊಂದಾದ ಹಲ್ಮಿಡಿ ಶಾಸನವೂ ಆ ತಾಲ್ಲೂಕಿನದೇ. ಶಾಸನಸಾಮಗ್ರಿಯಿಂದ ನಾವು ಇಲ್ಲಿ ಒಂದೇ ಪ್ರಶ್ನೆಯನ್ನು ಆರಿಸಿಕೊಂಡಿದ್ದೇವೆ: ವಿದ್ಯೆಗೆ ಆಶ್ರಯ ಕೊಡುವವರು ಯಾವ ಷರತ್ತಿನ ಮೇಲೆ ಕೊಡುತ್ತಾರೆ, ಆ ಷರತ್ತನ್ನು ಓದಬಲ್ಲವರು ಯಾರು?

ಹೊಯ್ಸಳರ ಕಾಲದ ದತ್ತಿಶಾಸನದ ಕ್ರಮ ಸುಪರಿಚಿತವಾದುದು. ದಾನಿ ಯಾರು, ಪಡೆದವರು ಯಾರು, ಭೂಮಿಯ ಅಳತೆ ಎಷ್ಟು, ಎಲ್ಲೆ ಯಾವುದು, ಉದ್ದೇಶವೇನು ಎಂಬುದನ್ನೆಲ್ಲ ಹೇಳಿ, ಕೆಡಿಸಿದವರಿಗೆ ಶಾಪ ಹಾಕಿ ಅದು ಮುಗಿಯುತ್ತದೆ. ಕಲ್ಲು ದೇವಾಲಯದ ಅಂಗಳದಲ್ಲಿ ನಿಲ್ಲುತ್ತದೆ. ಮೂರನೆಯ ನರಸಿಂಹನ ಮಂತ್ರಿ ಪೆರುಮಾಳೆಯು 1290ರಲ್ಲಿ ಮೈಲಂಗೆಯಲ್ಲಿ ಬಿಟ್ಟ ದತ್ತಿಯಲ್ಲಿ ವೇದಾಧ್ಯಯನದೊಡನೆ ನಾಗರ, ಕನ್ನಡ, ತಿಗುಳ, ಆರ್ಯ ಅಕ್ಷರಗಳನ್ನು ಕಲಿಸುವ ಉಪಾಧ್ಯಾಯರಿಗೂ ವೃತ್ತಿ ಕಲ್ಪಿತವಾಗಿತ್ತು. ಆದರೆ ಈ ವ್ಯವಸ್ಥೆಯನ್ನು ಆದರ್ಶವೆಂದು ಕೊಂಡಾಡುವುದು ಇತಿಹಾಸಕ್ಕೆ ಅಪಚಾರ. ಅಗ್ರಹಾರದ ವಿದ್ಯೆಯು ಬಹುಮಟ್ಟಿಗೆ ಬ್ರಾಹ್ಮಣ ಪುರುಷರಿಗೆ ಮೀಸಲಾಗಿತ್ತು. ಹೊಲ ಉತ್ತು ಆ ವೃತ್ತಿಯನ್ನು ಪೋಷಿಸಿದವರ ಮಕ್ಕಳು ಅದರ ಹೊರಗೇ ಉಳಿದರು. ನಾವು ಗಮನಿಸಬೇಕಾದುದು ಇಷ್ಟೇ: ಕರಾರು ನಾಡಿನ ನುಡಿಯಲ್ಲಿತ್ತು, ಬಹಿರಂಗವಾಗಿತ್ತು, ಗುಟ್ಟಾಗಿ ತಿದ್ದುವಂತಹುದಾಗಿರಲಿಲ್ಲ.

ಬಿ. ಎಲ್. ರೈಸರ 'ಎಪಿಗ್ರಾಫಿಯ ಕರ್ನಾಟಿಕ'ದ ಹಾಸನ ಜಿಲ್ಲೆಯ ಸಂಪುಟವು 1902ರಲ್ಲಿ ಪ್ರಕಟವಾಯಿತು. ಈ ಮಹತ್ಕಾರ್ಯಕ್ಕೆ ಕನ್ನಡಿಗರೆಲ್ಲರೂ ಋಣಿಗಳು. ಆದರೂ ಅದರ ಪೀಠಿಕೆಯೂ ಅನುವಾದವೂ ಇಂಗ್ಲಿಷಿನಲ್ಲಿದ್ದವು. ತನ್ನೂರಿನ ಕಲ್ಲಿನ ಅರ್ಥವನ್ನು ತಿಳಿಯಲು ಊರಿನ ವಿದ್ಯಾರ್ಥಿಯೇ ಪರಭಾಷೆಯ ಬಾಗಿಲನ್ನು ತಟ್ಟಬೇಕಾಯಿತು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಸ್ಥಾಪಿತವಾದುದು, 1936ರಲ್ಲಿ ಡಾ. ಎಂ. ಎಚ್. ಕೃಷ್ಣ ಅವರು ಹಲ್ಮಿಡಿ ಶಾಸನವನ್ನು ಬೆಳಕಿಗೆ ತಂದುದು, 1972ರಿಂದ ಕನ್ನಡ ಅಧ್ಯಯನ ಸಂಸ್ಥೆಯು ಪರಿಷ್ಕೃತ ಸಂಪುಟಗಳನ್ನು ಹೊರತರತೊಡಗಿದುದು, ಇವೆಲ್ಲವೂ ಆ ಬಾಗಿಲಿನ ಬೀಗದ ಕೈಯನ್ನು ಮರಳಿ ಪಡೆದ ಹೆಜ್ಜೆಗಳು.

ಇಂದು ಅದೇ ಪ್ರಶ್ನೆ ಬೇರೊಂದು ರೂಪದಲ್ಲಿ ಎದುರಾಗಿದೆ. 2020ರ ಕೊರೋನಾ ಕಾಲದಲ್ಲಿ ಶಾಲೆಗಳು ಮುಚ್ಚಿದಾಗ ಪಾಠವು ಪರದೆಗೆ ಏರಿತು. ಆ ವರ್ಷದ ಆಗಸ್ಟಿನಲ್ಲಿ ಆರಂಭವಾದ 'ವಿದ್ಯಾಗಮ' ಯೋಜನೆಯು ಮಕ್ಕಳನ್ನು ಅಂತರಜಾಲವುಳ್ಳ ಫೋನು ಇದ್ದವರು, ಬರಿಯ ಫೋನು ಇದ್ದವರು, ಯಾವುದೂ ಇಲ್ಲದವರು ಎಂದು ಮೂರು ವರ್ಗಗಳಾಗಿ ವಿಂಗಡಿಸಬೇಕಾಯಿತು. ಅಧ್ಯಾಪಕರು ಗುಡಿಯಂಗಳಗಳಲ್ಲಿ, ಮರದ ನೆರಳಿನಲ್ಲಿ ಪಾಠ ಹೇಳಿದರು. ಸೋಂಕಿನ ಭಯದಿಂದ ಅಕ್ಟೋಬರಿನಲ್ಲಿ ಅದೂ ನಿಂತಿತು. ಅಗ್ರಹಾರದ ಎಲ್ಲೆಗೆ ಜಾತಿಯು ಗುರುತಾಗಿದ್ದಂತೆ ಹೊಸ ಎಲ್ಲೆಗೆ ಫೋನು ಗುರುತಾಯಿತು.

ಪರದೆಯ ಹಿಂದಿರುವ ದಾನಿಯು ಯಾರು? ಗೂಗಲ್ ಕ್ಲಾಸ್‌ರೂಮ್‌ನಂತಹ ಸಾಧನವು ಶಾಲೆಗಳಿಗೆ ಶುಲ್ಕವಿಲ್ಲದೆ ದೊರೆಯುತ್ತದೆ; ನೋಟಕ್ಕೆ ಅದೂ ದತ್ತಿಯೇ. ಆದರೆ ಇಂತಹ ಸಾಧನಗಳ ಷರತ್ತುಗಳನ್ನು ಬರೆಯುವುದೂ ಕಂಪೆನಿಯೇ, ತಿದ್ದುವುದೂ ಕಂಪೆನಿಯೇ. ಕಾನೂನಿನ ಇಂಗ್ಲಿಷಿನ ಆ ಪುಟಗಳನ್ನು ಓದದೆಯೇ ಒಪ್ಪಿಗೆಯ ಗುಂಡಿಯನ್ನು ಒತ್ತುವುದು ರೂಢಿಯಾಗಿದೆ. ಇನ್ನು ಶಾಶ್ವತತೆಯ ಮಾತು: ಬೆಂಗಳೂರಿನಲ್ಲಿ 2011ರಲ್ಲಿ ಹುಟ್ಟಿ ದೇಶವಿಖ್ಯಾತವಾದ ಬೈಜೂಸ್ ಕಂಪೆನಿಯು 2024ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಆಚಂದ್ರಾರ್ಕವಾಗಿರಲೆಂದು ಬರೆಯಿಸಿದ ದತ್ತಿಗಳೂ ಅಳಿದಿವೆ ಎಂಬುದು ನಿಜ. ಆದರೆ ಅವುಗಳ ಕರಾರಾದರೂ ಓದಲು ಉಳಿದಿದೆ.

ಆದುದರಿಂದ ವಿದ್ಯೆಯ ನಿರ್ವಸಾಹತೀಕರಣವೆಂದರೆ ಯಂತ್ರವನ್ನು ತೊರೆಯುವುದೂ ಅಲ್ಲ, ಅಗ್ರಹಾರಕ್ಕೆ ಮರಳುವುದೂ ಅಲ್ಲ. ಮಕ್ಕಳ ಮಾಹಿತಿಯನ್ನು ಬಳಸುವ ಮುನ್ನ ತಂದೆತಾಯಿಗಳ ಒಪ್ಪಿಗೆ ಬೇಕೆಂದು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆಯು ವಿಧಿಸುತ್ತದೆ. ಅರ್ಥವಾಗದ ಒಪ್ಪಿಗೆಯು ಒಪ್ಪಿಗೆಯೆನಿಸದು. ಶಾಲೆ ಕಾಲೇಜುಗಳು ಕಂಪೆನಿಗಳೊಡನೆ ಮಾಡಿಕೊಳ್ಳುವ ಕರಾರು ಕನ್ನಡದಲ್ಲಿರಬೇಕು, ಎಲ್ಲರೂ ನೋಡುವ ಜಾಗದಲ್ಲಿರಬೇಕು. ಪಾಠಸಾಮಗ್ರಿಯ ಒಂದು ಪ್ರತಿಯು ಸಾರ್ವಜನಿಕ ಸಂಸ್ಥೆಯ ವಶದಲ್ಲಿರಬೇಕು. ಎಂಟುನೂರು ವರ್ಷಗಳ ಹಿಂದೆ ಕಲ್ಲುಕುಟಿಗನ ಉಳಿಯಿಂದ ಸಾಧ್ಯವಾದುದು ಇಂದಿನ ಗಣಕಯಂತ್ರಕ್ಕೆ ಅಸಾಧ್ಯವೆಂದು ನಾವು ನಂಬಲಾರೆವು.