ದಾಖಲೆ ಯಾರಿಗೆ ಕಾಣುತ್ತದೆ? ಕರ್ನಾಟಕದ ಗ್ರಾಮಾಡಳಿತ ಮತ್ತು ಗಣಕೀಕರಣ

ಸ್ಥಳೀಯ ಆಡಳಿತದ ಗಣಕೀಕರಣವನ್ನು ಅಳೆಯುವಾಗ ಎಷ್ಟು ಕಡತ ಗಣಕಕ್ಕೆ ಏರಿತು, ಎಷ್ಟು ಸೇವೆ ಆನ್‌ಲೈನ್ ಆಯಿತು ಎಂದು ಲೆಕ್ಕ ಹಾಕುವುದು ವಾಡಿಕೆ. ಕರ್ನಾಟಕದ ಅನುಭವವನ್ನು ಅರಿಯಲು ಈ ಲೆಕ್ಕ ಸಾಲದು. ಯಾರ ಕೆಲಸ ಯಾರ ಕಣ್ಣಿಗೆ ಬೀಳುವಂತಾಯಿತು ಎಂಬುದನ್ನು ನೋಡಬೇಕು. ಅಧಿಕಾರಿಯ ಮೇಜಿನ ಮೇಲೆ ನಡೆಯುವುದು ಅರ್ಜಿದಾರನಿಗೆ ಕಂಡಾಗ ಹಳ್ಳಿಗೆ ಉಪಕಾರವಾಗಿದೆ ಎಂಬುದು ಈ ಲೇಖನದ ವಾದ.

2000ರ ಆಸುಪಾಸಿನಲ್ಲಿ ಕಂದಾಯ ಇಲಾಖೆ ಕೈಗೊಂಡ ‘ಭೂಮಿ’ ಯೋಜನೆಯಿಂದಲೇ ಆರಂಭಿಸಬೇಕು. ಅಲ್ಲಿಯವರೆಗೆ ಪಹಣಿ ಪುಸ್ತಕಗಳು ಸುಮಾರು 9,000 ಗ್ರಾಮ ಲೆಕ್ಕಿಗರ ಸುಪರ್ದಿಯಲ್ಲಿದ್ದವು. ಪುಸ್ತಕ ತೆರೆಸಿ ನೋಡಬೇಕೆಂದರೆ ರೈತನಿಗೆ ಅವರ ಮರ್ಜಿ ಬೇಕಿತ್ತು. ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳು ಗಣಕಕ್ಕೆ ಏರಿದ ಮೇಲೆ ತಾಲ್ಲೂಕು ಕೇಂದ್ರದ ಕೌಂಟರಿನಲ್ಲಿ 15 ರೂಪಾಯಿ ಕೊಟ್ಟು ಯಾರು ಬೇಕಾದರೂ ಪ್ರತಿ ಪಡೆಯುವಂತಾಯಿತು. ಖಾತೆ ಬದಲಾವಣೆಯ ಅರ್ಜಿಗಳನ್ನು ಬಂದ ಸರದಿಯಲ್ಲೇ ವಿಲೇವಾರಿ ಮಾಡಬೇಕೆಂಬ ನಿಯಮವನ್ನು ತಂತ್ರಾಂಶದೊಳಗೇ ಕೂರಿಸಲಾಯಿತು. ನನ್ನ ದೃಷ್ಟಿಯಲ್ಲಿ ‘ಭೂಮಿ’ಯ ಹಿರಿಮೆ ಪಹಣಿಯ ಮುದ್ರಣಕ್ಕಿಂತ ಈ ಸರದಿಯಲ್ಲಿದೆ. ಸರದಿಯಲ್ಲಿ ಹಿಂದಿರುವ ಅರ್ಜಿಯನ್ನು ಮುಂದೆ ತರುವ ಅಧಿಕಾರವೇ ಲಂಚದ ಮೂಲವಾಗಿತ್ತು.

ಆದರೆ ಆ ಕೌಂಟರು ಊರಿನಲ್ಲಿರಲಿಲ್ಲ. ಲೆಕ್ಕಿಗ ಎಷ್ಟೇ ಸತಾಯಿಸಿದರೂ ಆತ ಊರಿಗೆ ಬರುತ್ತಿದ್ದ; ತಾಲ್ಲೂಕಿಗೆ ಹೋಗಿಬರಲು ಒಂದು ದಿನದ ಕೂಲಿ ಬಿಡಬೇಕು. ಬೆಂಗಳೂರಿನ ಸುತ್ತಮುತ್ತ ಈ ದಾಖಲೆಗಳಿಂದ ಸಣ್ಣ ರೈತರಿಗಿಂತ ದೊಡ್ಡ ಭೂಖರೀದಿದಾರರಿಗೇ ಹೆಚ್ಚು ಅನುಕೂಲವಾಯಿತೆಂದು ಸಂಶೋಧಕ ಸೊಲೊಮನ್ ಬೆಂಜಮಿನ್ ಮತ್ತು ಸಂಗಡಿಗರು 2007ರಲ್ಲಿ ವಾದಿಸಿದರು. ಇನ್ನೊಂದು ಮಾತನ್ನೂ ಸೇರಿಸಬೇಕು: 1993ರ ಪಂಚಾಯತ್ ರಾಜ್ ಕಾಯ್ದೆಯಡಿ ಚುನಾಯಿತವಾದ ಸ್ಥಳೀಯ ಸರ್ಕಾರಕ್ಕೆ ‘ಭೂಮಿ’ ಯೋಜನೆಯಲ್ಲಿ ಪಾತ್ರವೇ ಇರಲಿಲ್ಲ. ಮುಂದೆ ಇಂಥ ಸೇವೆಗಳನ್ನು ಕೊಡುವ ‘ನೆಮ್ಮದಿ’ ಕೇಂದ್ರಗಳು ಹೋಬಳಿ ಮಟ್ಟಕ್ಕೆ ಬಂದವು. 2016ರಲ್ಲಿ ನೂರು ಸೇವೆಗಳ ಬಾಪೂಜಿ ಸೇವಾ ಕೇಂದ್ರಗಳೊಂದಿಗೆ ಕೌಂಟರು ಗ್ರಾಮ ಪಂಚಾಯಿತಿ ಕಚೇರಿಗೆ ತಲುಪಿತು. ತಾಲ್ಲೂಕಿನಿಂದ ಪಂಚಾಯಿತಿಗೆ ಬರಲು ಸುಮಾರು ಹದಿನೈದು ವರ್ಷ ಹಿಡಿಯಿತು.

ಪಂಚಾಯಿತಿಯ ಸ್ವಂತ ಅಧಿಕಾರಕ್ಕೆ ನೇರವಾಗಿ ಸಂಬಂಧಿಸಿದ್ದು ಗ್ರಾಮೀಣ ಸ್ವತ್ತುಗಳ ದಾಖಲೆ ನೀಡುವ 2013ರ ‘ಇ–ಸ್ವತ್ತು’ ತಂತ್ರಾಂಶ. ಭೂಪರಿವರ್ತನೆಯಾಗದ ಜಮೀನಿನಲ್ಲಿ ಬಡಾವಣೆ ಗೀಚಿ, ಪಂಚಾಯಿತಿಯ ಸ್ವತ್ತಿನ ದಾಖಲೆಯಾದ ನಮೂನೆ 9ನ್ನು ಕೈಬರಹದಲ್ಲಿ ಬರೆಸಿಕೊಂಡು ನಿವೇಶನ ಮಾರುವ ದಂಧೆ ನಗರಗಳ ಅಂಚಿನಲ್ಲಿ ಬೆಳೆದಿತ್ತು. ಈಗ ನಮೂನೆ 9 ಮತ್ತು 11ಕ್ಕೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ ಡಿಜಿಟಲ್ ಸಹಿ ಬೇಕು, ಸ್ವತ್ತಿಗೊಂದು ಸಂಖ್ಯೆ ಇರುತ್ತದೆ, ಅದು ನೋಂದಣಿ ಇಲಾಖೆಯ ‘ಕಾವೇರಿ’ ತಂತ್ರಾಂಶದ ಜೊತೆ ತಾಳೆಯಾಗಬೇಕು. ಕೊಳ್ಳುವವನು ಮುಂಗಡ ಕೊಡುವ ಮೊದಲೇ ದಾಖಲೆಯ ನಿಜಸ್ಥಿತಿಯನ್ನು ತಾನೇ ನೋಡಬಹುದು. ಜೀವಮಾನದ ಉಳಿತಾಯವನ್ನು ಒಂದು ನಿವೇಶನಕ್ಕೆ ಸುರಿಯುವ ಕುಟುಂಬಕ್ಕೆ ಇದು ಸಣ್ಣ ರಕ್ಷಣೆಯಲ್ಲ.

ತೊಡಕು ಉಳಿದದ್ದು ಗ್ರಾಮಠಾಣದೊಳಗಿನ ಹಳೆಯ ಮನೆಗಳಲ್ಲಿ. ತಲೆಮಾರುಗಳಿಂದ ವಾಸವಿದ್ದರೂ ಕೈಯಲ್ಲಿ ಕಾಗದವಿಲ್ಲ. ಚೆಕ್ಕುಬಂದಿ ನೆರೆಯವರ ನೆನಪಿನಲ್ಲಷ್ಟೇ ಇದೆ. 2020ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಡ್ರೋನ್ ಸಮೀಕ್ಷೆಯ ‘ಸ್ವಾಮಿತ್ವ’ ಯೋಜನೆ ಈ ಕೊರತೆ ತುಂಬಲು ಬಂತು. ಪ್ರಾಯೋಗಿಕ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ಡ್ರೋನ್ ಹಾರುವ ಮುನ್ನ ಮನೆಯವರ ಎದುರಿನಲ್ಲಿ ಸುಣ್ಣದ ಗೆರೆ ಎಳೆದು ಗಡಿ ಗುರುತಿಸಬೇಕು. ಆಕಾಶದಿಂದ ತೆಗೆದ ಚಿತ್ರಕ್ಕೆ ಬೆಲೆ ಬರುವುದು ಆ ಗೆರೆ ಎಳೆಯುವಾಗ ಅಕ್ಕಪಕ್ಕದವರು ನಿಂತು ನೋಡಿದ್ದರೆ ಮಾತ್ರ. ಆದ್ದರಿಂದ ಸರ್ವೇಯರ್ ಬರುವ ದಿನವನ್ನು ಊರಿಗೆ ಮೊದಲೇ ಡಂಗುರ ಸಾರಿ ತಿಳಿಸುವುದು ಡ್ರೋನಿನಷ್ಟೇ ಮುಖ್ಯ ಎಂದು ನಾನು ಭಾವಿಸುತ್ತೇನೆ.

ಜನರ ಕಣ್ಣೆದುರು ನಡೆಯುವ ಈ ರೀತಿಗೆ ವಿರುದ್ಧವಾದ ಉದಾಹರಣೆ ಉದ್ಯೋಗ ಖಾತರಿಯ ಮೊಬೈಲ್ ಹಾಜರಾತಿ. 2023ರ ಜನವರಿಯಿಂದ ಕೂಲಿಕಾರರ ಚಿತ್ರವನ್ನು ದಿನಕ್ಕೆ ಎರಡು ಬಾರಿ ಕೆಲಸದ ಸ್ಥಳದಿಂದಲೇ ಏರಿಸುವುದು ಕಡ್ಡಾಯವಾಯಿತು. ಸುಳ್ಳು ಹಾಜರಾತಿ ತಡೆಯುವ ಉದ್ದೇಶ ನ್ಯಾಯವಾದುದೇ. ಆದರೆ ಮಲೆನಾಡಿನ ಕಣಿವೆಯಲ್ಲಿ ಸಿಗ್ನಲ್ ಸಿಗದೆ ಚಿತ್ರ ಏರದಿದ್ದರೆ, ಬದು ಹಾಕಿದ ಹೆಂಗಸಿನ ದುಡಿಮೆ ಲೆಕ್ಕಕ್ಕೇ ಬಾರದೆ ಹೋಗಬಹುದು. ಕೂಲಿ ತಡವಾದರೆ ಯಾವ ಮೇಜಿನಲ್ಲಿ ತಡೆದಿದೆ ಎಂಬುದನ್ನು ಅದೇ ಮೊಬೈಲು ಆಕೆಗೆ ಹೇಳುವುದೂ ಇಲ್ಲ. ಇಲ್ಲಿ ಕಾಣಿಸಿಕೊಳ್ಳಬೇಕಾದವಳು ಆಕೆ ಮಾತ್ರ.

ಈ ಅಸಮತೋಲಕ್ಕೆ ಮದ್ದು ನಮ್ಮ ರಾಜ್ಯದ ಕಾನೂನಿನಲ್ಲೇ ಇದೆ. 2012ರಲ್ಲಿ ಜಾರಿಗೆ ಬಂದ ‘ಸಕಾಲ’ದಡಿ ಅರ್ಜಿದಾರನ ಕೈಗೆ ಸಂಖ್ಯೆಯಿರುವ ಸ್ವೀಕೃತಿ ಬರುತ್ತದೆ, ಸೇವೆಗೆ ಗಡುವು ಇರುತ್ತದೆ, ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರವನ್ನು ಹೊಣೆಗಾರ ಅಧಿಕಾರಿಯಿಂದಲೇ ವಸೂಲು ಮಾಡಬಹುದು. ಮೊತ್ತ ಚಿಕ್ಕದು, ತತ್ತ್ವ ದೊಡ್ಡದು. ಆದರೂ ಪಂಚಾಯಿತಿಗೆ ಹೋದವರು ಇಂದು ಮತ್ತೆ ಮತ್ತೆ ಕೇಳುವ ಉತ್ತರ ‘ಸರ್ವರ್ ಡೌನ್’. ಈ ವಿಳಂಬಕ್ಕೆ ಹೆಸರಿರುವ ಹೊಣೆಗಾರರು ಇಲ್ಲ. ತಂತ್ರಾಂಶ ನಿಂತ ವೇಳೆಯನ್ನು ಕೇಂದ್ರವಾರು ದಾಖಲಿಸಿ, ವಾರ್ಷಿಕ ಜಮಾಬಂದಿಯಲ್ಲಿ ಜಮಾಖರ್ಚಿನ ಜೊತೆಗೇ ಓದಿ ಹೇಳಬೇಕು. ತಂತ್ರಾಂಶವನ್ನು ನಿರ್ವಹಿಸುವ ಅಧಿಕಾರಿಯನ್ನು ಸಕಾಲದ ಹೊಣೆಗಾರರ ಪಟ್ಟಿಗೆ ಸೇರಿಸಬೇಕು. ಇದಕ್ಕೆ ಬೇಕಾಗಿರುವುದು ಒಂದು ಸರ್ಕಾರಿ ಆದೇಶ ಮತ್ತು ಪಂಚಾಯಿತಿ ಗೋಡೆಯ ಮೇಲೆ ಒಂದು ಫಲಕ.