ಸಾವನದುರ್ಗದಿಂದ ಅಂಜದೀವಿಗೆ

ಸಾವನದುರ್ಗದ ಬುಡದಲ್ಲಿ ನಿಂತು ಆ ಏಕಶಿಲೆಯನ್ನು ದಿಟ್ಟಿಸಿದವರಿಗೆ ಕಡಲಿನ ನೆನಪು ಬರುವುದು ಅಸಂಭವ. ಮಾಗಡಿಯ ಸೀಮೆಗೂ ಸಮುದ್ರಕ್ಕೂ ಎಲ್ಲಿಯ ಸಂಬಂಧ? ಆದರೂ ನಮ್ಮ ನಾಡಿನ ಕಡಲ ಕದನಗಳ ವಿಚಾರವನ್ನು ಈ ಬಂಡೆಯಿಂದಲೇ ಆರಂಭಿಸುವುದು ಉಚಿತವೆಂದು ನನಗೆ ತೋರುತ್ತದೆ.

ಮಾಗಡಿ ಕೆಂಪೇಗೌಡರ ವಂಶದವರಿಂದ 1728ರಲ್ಲಿ ಮೈಸೂರಿನ ವಶವಾದ ಈ ದುರ್ಗವನ್ನು ಯಾರೂ ಗೆಲ್ಲಲಾರರೆಂಬ ನಂಬಿಕೆಯಿತ್ತು. ಕರಿಗುಡ್ಡ, ಬಿಳಿಗುಡ್ಡಗಳ ಕಡಿದಾದ ಮೈ, ಸುತ್ತಲೂ ದಟ್ಟವಾದ ಬಿದಿರುಮೆಳೆ, ಇವೆರಡಕ್ಕೂ ಮಿಗಿಲಾಗಿ ಸಾವನ್ನು ತರುವುದೆಂದು ಹೆಸರಾದ ಕಾಡಿನ ಗಾಳಿ. ಆದರೆ 1791ರ ಡಿಸೆಂಬರಿನಲ್ಲಿ ಕಾರ್ನ್‌ವಾಲಿಸನ ಸೈನ್ಯ ಮೆಳೆಯನ್ನು ಕಡಿದು ದಾರಿ ಮಾಡಿ, ಭಾರಿ ಫಿರಂಗಿಗಳನ್ನು ಬಂಡೆಯ ಬುಡದವರೆಗೆ ಎಳೆದುತಂದಿತು. ಕೆಲವೇ ದಿನಗಳಲ್ಲಿ ಗೋಡೆ ಬಿರಿಯಿತು. 21ನೆಯ ತಾರೀಖು ದುರ್ಗ ಬಿದ್ದಿತು. ಕೋಟೆಯ ಎತ್ತರವಲ್ಲ, ಫಿರಂಗಿಯ ಸಾಗಾಣಿಕೆ ಅಂದು ಫಲವನ್ನು ನಿರ್ಣಯಿಸಿತು. ಯುದ್ಧವೆಂದರೆ ಮುಕ್ಕಾಲು ಪಾಲು ಹೊರುವ ಕೆಲಸ. ಹೋರಾಡುವುದು ಉಳಿದ ಕಾಲು ಪಾಲು.

ಈ ಸತ್ಯವನ್ನು ಕಡಲು ಮೈಸೂರಿಗೆ ಮೊದಲೇ ಕಲಿಸಿತ್ತು. 1783ರ ಆರಂಭದಲ್ಲಿ ಮುಂಬಯಿಯಿಂದ ಹಡಗುಗಳಲ್ಲಿ ಬಂದ ಜನರಲ್ ಮ್ಯಾಥ್ಯೂಸ್ ಉತ್ತರ ಕನ್ನಡದ ದಡದಲ್ಲಿ ಇಳಿದು, ಘಟ್ಟವನ್ನೇರಿ, ಬಿದನೂರನ್ನೇ ವಶಮಾಡಿಕೊಂಡ. ಟಿಪ್ಪು ಅದನ್ನು ಕೆಲವೇ ತಿಂಗಳಲ್ಲಿ ಮರಳಿ ಗೆದ್ದನೆಂಬುದು ನಿಜ. ಆದರೆ ಗಾಳಿ ಅನುಕೂಲವಾದರೆ ಶತ್ರು ಯಾವ ದಡದಲ್ಲಿಯಾದರೂ ಇಳಿಯಬಲ್ಲನೆಂಬ ಭಯ ಹೋಗಲಿಲ್ಲ. 1796ರಲ್ಲಿ ಸುಮಾರು 40 ಯುದ್ಧನೌಕೆಗಳನ್ನು ಕಟ್ಟಲು ಆತ ಆಜ್ಞೆಮಾಡಿದ. ಮಂಗಳೂರು, ಮಿರ್ಜಾನ, ಸದಾಶಿವಗಡಗಳ ಕಡೆ ಹಡಗುಕಟ್ಟೆಗಳಾಗಬೇಕೆಂದು ಗೊತ್ತುಮಾಡಿದ. ಮೂರೇ ವರ್ಷಕ್ಕೆ ಶ್ರೀರಂಗಪಟ್ಟಣ ಬಿದ್ದು, ಆ ಯೋಜನೆ ಕಾಗದದಲ್ಲಿಯೇ ಉಳಿಯಿತು.

ಸದಾಶಿವಗಡದಿಂದ ದಕ್ಷಿಣಕ್ಕೆ, ಕಾರವಾರದ ಆಚೆ, ಅಂಜದೀವು ಎಂಬ ಪುಟ್ಟ ದ್ವೀಪವಿದೆ. ಸಾವನದುರ್ಗದ ಗಾಳಿಗೆ ಅಂಟಿದ್ದ ಅಪಕೀರ್ತಿ ಈ ದ್ವೀಪಕ್ಕೆ ನಿಜವಾಗಿ ಸಲ್ಲತಕ್ಕದ್ದು. ಮುಂಬಯಿಯನ್ನು ವಹಿಸಿಕೊಳ್ಳಲು 1662ರಲ್ಲಿ ಬಂದ ಇಂಗ್ಲಿಷ್ ದಂಡಿಗೆ ಪೋರ್ತುಗೀಜರು ಊರನ್ನು ಬಿಟ್ಟುಕೊಡಲಿಲ್ಲ. ಹಡಗುಗಳು ಸರ್ ಅಬ್ರಹಾಂ ಶಿಪ್‌ಮನ್ನನನ್ನೂ ಅವನ ನೂರಾರು ಸಿಪಾಯಿಗಳನ್ನೂ ಅಂಜದೀವಿನಲ್ಲಿ ಇಳಿಸಿಹೋದವು. ಮಳೆ, ಜ್ವರಗಳಿಗೆ ಬಹುಪಾಲು ಮಂದಿ ಬಲಿಯಾದರು. 1664ರಲ್ಲಿ ಶಿಪ್‌ಮನ್ನನೂ ಸತ್ತ. ಮರುವರ್ಷ ಮುಂಬಯಿಯನ್ನು ತಲಪಿದವರು ನೂರರ ಆಸುಪಾಸು ಮಾತ್ರ. ದಡಕ್ಕೆ ಇಳಿಸುವುದಷ್ಟೇ ಸಾಲದು, ಇಳಿಸಿದವರನ್ನು ಪೋಷಿಸಿ ಮರಳಿ ಕರೆತರುವುದೂ ಹಡಗಿನ ಧರ್ಮ. ಆ ಧರ್ಮಲೋಪಕ್ಕೆ ಅಂಜದೀವು ಸಾಕ್ಷಿ.

ಮುಂದೆ ದ್ವೀಪ ಪೋರ್ತುಗೀಜರ ಕೈಯಲ್ಲಿಯೇ ಉಳಿಯಿತು. 1961ರ ನವೆಂಬರಿನಲ್ಲಿ ಅಲ್ಲಿಂದ 'ಸಾಬರಮತಿ' ಎಂಬ ಪ್ರಯಾಣಿಕರ ಹಡಗಿನ ಮೇಲೂ ಬೆಸ್ತರ ದೋಣಿಯ ಮೇಲೂ ಗುಂಡು ಹಾರಿತು. ಕಾರವಾರದ ಒಬ್ಬ ಬೆಸ್ತ ಪ್ರಾಣ ಬಿಟ್ಟ. ಡಿಸೆಂಬರ್ 18ರ ಬೆಳಿಗ್ಗೆ ನಮ್ಮ ನೌಕಾದಳ ದ್ವೀಪಕ್ಕೆ ಮುತ್ತಿಗೆ ಹಾಕಿತು. ಗಂಡಭೇರುಂಡ ಲಾಂಛನದ 'ಮೈಸೂರು' ಯುದ್ಧನೌಕೆ ಬೆಂಬಲಕ್ಕಿತ್ತು. 'ತ್ರಿಶೂಲ್' ಹಡಗಿನ ನಾವಿಕರು ದೋಣಿಗಳಲ್ಲಿ ದಡಕ್ಕೆ ಹೊರಟರು. ಮೊದಲ ತಂಡ ಸುರಕ್ಷಿತವಾಗಿ ಇಳಿಯಿತು. ದ್ವೀಪದಲ್ಲಿ ಬಿಳಿಯ ಬಾವುಟ ಕಂಡಿತೆಂದೂ ಎರಡನೆಯ ತಂಡ ಸಮೀಪಿಸಿದಾಗ ಗುಂಡಿನ ಮಳೆಗರೆಯಿತೆಂದೂ ನಮ್ಮವರ ವೃತ್ತಾಂತಗಳು ಹೇಳುತ್ತವೆ. ಮರುದಿನ ದ್ವೀಪ ಕೈವಶವಾಗುವ ಹೊತ್ತಿಗೆ ಏಳು ಮಂದಿ ನಾವಿಕರು ಮಡಿದಿದ್ದರು.

ಆಗ ನಮ್ಮ ನೌಕಾದಳ ಚಿಕ್ಕದು. ಸೈನ್ಯವನ್ನು ದಡಕ್ಕಿಳಿಸುವುದಕ್ಕೆಂದೇ ಕಟ್ಟಿದ ದೊಡ್ಡ ಹಡಗೆಂದರೆ 1949ರಲ್ಲಿ ಬ್ರಿಟಿಷರಿಂದ ಪಡೆದ 'ಮಗರ್' ಒಂದೇ. ಇಂಥ ಹಡಗಿನ ರಚನೆ ವಿಲಕ್ಷಣ. ತಳ ಚಪ್ಪಟೆ, ಮೂತಿಯಲ್ಲಿ ಬಾಗಿಲು. ದಡ ಸಮೀಪಿಸಿದಾಗ ಹಿಂಬದಿಯಿಂದ ಲಂಗರು ಎಸೆದು, ಬೇಕೆಂದೇ ಮರಳಿನ ಮೇಲೇರಿ ನಿಲ್ಲುತ್ತದೆ. ಬಾಗಿಲು ತೆರೆದು, ಒಳಗಿನ ಜನ ವಾಹನಗಳು ಇಳಿದ ಮೇಲೆ, ಅದೇ ಲಂಗರಿನ ಸರಪಳಿಯನ್ನು ಜಗ್ಗಿ ಹಿಂದೆ ಸರಿಯುತ್ತದೆ. ಬೇರೆ ನಾವಿಕರಿಗೆ ನೆಲ ತಗುಲಿದರೆ ಅಪಘಾತ. ಇವರಿಗೆ ಅದೇ ಕಸುಬು.

ಹಡಗಿದ್ದರೂ ದಡದ ಅರಿವಿಲ್ಲದಿದ್ದರೆ ಪ್ರಯೋಜನವಿಲ್ಲ. 1966ರಲ್ಲಿ ಸೋವಿಯತ್ ಒಕ್ಕೂಟದಿಂದ ಬಂದ 'ಘರಿಯಾಲ್', 'ಗುಲ್ದಾರ್' ಹಡಗುಗಳು 1971ರ ಡಿಸೆಂಬರಿನಲ್ಲಿ ಕಾಕ್ಸ್ ಬಜಾರಿನ ದಡಕ್ಕೆ ಗೂರ್ಖಾ ಸೈನಿಕರನ್ನು ಒಯ್ದವು. ಹಡಗು ದಿಬ್ಬಕ್ಕೆ ತಾಗಿ ನಿಂತಿತು. ದಿಬ್ಬಕ್ಕೂ ದಡಕ್ಕೂ ನಡುವೆ ಆಳವಾದ ನೀರಿತ್ತು. ಶತ್ರುವೇ ಇಲ್ಲದ ಆ ದಡದಲ್ಲಿ ಭಾರ ಹೊತ್ತ ಇಬ್ಬರು ಸೈನಿಕರು ಮುಳುಗಿಹೋದರು.

2007ರಲ್ಲಿ ಅಮೆರಿಕದಿಂದ ಕೊಂಡ 'ಜಲಾಶ್ವ' ದಡವನ್ನೇರುವುದಿಲ್ಲ. ಅದರ ಹಿಂಭಾಗದ ಒಡಲಿಗೆ ನೀರು ತುಂಬಿಸಿದರೆ ಒಳಗಿನ ದೋಣಿಗಳು ತೇಲಿ, ಮಂದಿಯನ್ನು ಹೊತ್ತು ಹೊರಬೀಳುತ್ತವೆ. 2020ರ ಮಹಾವ್ಯಾಧಿಯ ಕಾಲದಲ್ಲಿ ಮಾಲ್ಡೀವ್ಸಿನಿಂದ ಸುಮಾರು 700 ಮಂದಿಯನ್ನು ಅದು ಕೊಚ್ಚಿಗೆ ಕರೆತಂದಿತು. ಶಿಪ್‌ಮನ್ನನ ಸಿಪಾಯಿಗಳಿಗೆ ದೊರೆಯದ ಮರುಪ್ರಯಾಣ ಇದು.

ಅಂಜದೀವು ಈಗ ಅಲೆತಡೆಯ ಮೂಲಕ ನಾಡಿಗೆ ಜೋಡಿಸಲ್ಪಟ್ಟು ಕಾರವಾರದ ನೌಕಾನೆಲೆಯ ಭಾಗವಾಗಿದೆ. ದ್ವೀಪವೆಂಬ ಹೆಸರು ಉಳಿದಿದೆ, ಸುತ್ತಲ ನೀರು ಒಂದು ಕಡೆ ಕಳೆದಿದೆ. ಇಂದು ಕಾಲ್ನಡಿಗೆಯಲ್ಲಿ ಮುಗಿಯುವ ಆ ದೂರವನ್ನು 1961ರಲ್ಲಿ ತೆರೆದ ದೋಣಿಯಲ್ಲಿ ದಾಟಲು ಹೊರಟವರನ್ನು ನಾವು ನೆನೆಯಬೇಕು. ಕೋಟೆಗಳಿಗೆ ನಮ್ಮಲ್ಲಿ ಲಾವಣಿಗಳುಂಟು, ಕೋಟೆ ಗೆದ್ದವರಿಗೆ ಶಾಸನಗಳುಂಟು. ಗೆಲ್ಲುವವರನ್ನು ದಡ ಮುಟ್ಟಿಸುವವರ ಚರಿತ್ರೆಯನ್ನು ಕನ್ನಡದಲ್ಲಿ ಇನ್ನೂ ವಿಸ್ತಾರವಾಗಿ ಬರೆಯಬೇಕಾಗಿದೆ.